ಸರಿಪಾಲು ಪಕ್ಷದ ಕೊನೆಯ ಮಂತ್ರಿ

ಈಗ ನಮ್ಮ ಹಟ್ಟಿಗೆ ಬಸ್ಸು ಬರುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು. ತಂದವಳು ನಾನಲ್ಲ. ಯಾರು ತಂದರು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಅದರಲ್ಲಿ ನನ್ನ ಹೆಸರಂತೂ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೂ ನಾನು ಊರಿಗೆ ಹೋದಾಗ ವಯಸ್ಸಾದ ಹೆಂಗಸರು ಯಾರಾದರೂ ‘ಏನ್ ಮಂತ್ರಮ್ಮಾ, ಯಾವಾಗ ಬಂದೆ?’ ಎಂದು ಕೇಳುತ್ತಾರೆ. ನಾನೂ ನಗುತ್ತೇನೆ. ನಗದೆ ಇನ್ನೇನು ಮಾಡಲಿ, ಇಷ್ಟು ವರ್ಷ ಆದಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

ನಾನು ಮಂತ್ರಿಯಾಗಿದ್ದು ಸುಳ್ಳಲ್ಲ. ಇಲ್ಲದ ಒಂದು ದೇಶಕ್ಕೆ ಸಾರಿಗೆ ಮಂತ್ರಿಯಾಗಿದ್ದೆ. ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ಚಳ್ಳಕೆರೆಯ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದೆ. ನಮ್ಮ ರಾಜ್ಯಶಾಸ್ತ್ರದ ಮೇಷ್ಟ್ರಿಗೆ ಒಂದು ಹುಚ್ಚು ಇತ್ತು. ಪುಸ್ತಕ ಓದಿಸಿದರೆ ಈ ಮುಂಡೇವಕ್ಕೆ ಸಂವಿಧಾನ ತಲೆಗೆ ಹತ್ತುವುದಿಲ್ಲ, ಒಂದು ದೇಶವನ್ನೇ ಕೊಟ್ಟು ಆಳಲು ಬಿಡಬೇಕು ಎನ್ನುತ್ತಿದ್ದರು. ಹಾಗಾಗಿ ನಮ್ಮ ತರಗತಿಯೇ ಒಂದು ದೇಶವಾಯಿತು. ಅದಕ್ಕೆ ನಡುನಾಡು ಎಂದು ಹೆಸರಿಟ್ಟೆವು. ಅದಕ್ಕೊಂದು ನಕ್ಷೆ, ಎರಡು ನದಿ, ಒಂದು ಸಮುದ್ರ. ಸಮುದ್ರ ಬೇಕು ಎಂದು ಹಟ ಹಿಡಿದವರು ಸಮುದ್ರ ನೋಡದ ನಾವೇ.

ಯಾರು ಯಾವ ಪಕ್ಷ ಎಂದು ಮೇಷ್ಟ್ರು ಚೀಟಿ ಎತ್ತಿಸಿದರು. ನನಗೆ ಬಂದ ಚೀಟಿಯಲ್ಲಿ ‘ನಡುವಿಗಿಂತ ಸ್ವಲ್ಪ ಎಡಕ್ಕೆ’ ಎಂದಿತ್ತು. ಹಾಗಂದರೇನು ಸಾರ್ ಎಂದೆ. ‘ಇದ್ದೋನ ಹೊಲ ಕಿತ್ಕೊಳ್ಳಂಗಿಲ್ಲ, ಇಲ್ಲದೋನ ಕೈ ಬಿಡಂಗಿಲ್ಲ. ಗಿರಣಿ ನಡೀಬೇಕು, ಗಿರಣಿ ಕೂಲಿಯೋನ ಮನೇಲಿ ಒಲೆನೂ ಉರೀಬೇಕು. ಎಲ್ಲಾ ಹಂತ ಹಂತವಾಗಿ ಮಾಡೋದು,’ ಎಂದರು. ಹಿಂದಿನ ಬೆಂಚಿನಿಂದ ಒಬ್ಬ, ‘ಹಂಗಾದ್ರೆ ಎರಡೂ ಕಡೆಯಿಂದ ಬೈಸ್ಕೊಳ್ಳೋ ಪಕ್ಷ ಅನ್ರಿ ಸಾರ್,’ ಎಂದ. ಇಡೀ ಕ್ಲಾಸು ನಕ್ಕಿತು. ಮೇಷ್ಟ್ರೂ ನಕ್ಕು ಹೌದೆಂದರು.

ನಮ್ಮ ಪಕ್ಷಕ್ಕೆ ಸರಿಪಾಲು ಪಕ್ಷ ಎಂದು ಹೆಸರಿಟ್ಟು ಮೊರದ ಗುರುತು ಮಾಡಿಕೊಂಡೆವು. ಚೀಟಿ ಎತ್ತಿ ಬಂದ ಪಕ್ಷವಾದರೂ ನನಗೆ ಅದರ ಮೇಲೆ ಪ್ರೀತಿಯೇ ಹುಟ್ಟಿಬಿಟ್ಟಿತು, ಯಾಕೆ ಸುಳ್ಳು ಹೇಳಲಿ. ನಮ್ಮ ನಾಯಕ ಮಾರ್ಕೆಟ್ ಯಾರ್ಡಿನ ಶೇಂಗಾ ಮಂಡಿಯವರ ಮಗ. ಗೊಂಬೆಯಂಥ ಹುಡುಗ, ಮಾತೂ ಬೆಣ್ಣೆ. ಎಣ್ಣೆ ಗಿರಣಿಯಲ್ಲಿ ಕೂಲಿಯವರಿಗೂ ಲಾಭದಲ್ಲಿ ಪಾಲು ಇರಬೇಕು ಎಂದು ನಾನು ಪ್ರಣಾಳಿಕೆಯಲ್ಲಿ ಬರೆದರೆ ಅವನು ಅದರ ಮುಂದೆ ‘ಹಂತ ಹಂತವಾಗಿ’ ಎಂದು ಸೇರಿಸುತ್ತಿದ್ದ. ಪ್ರತಿ ಹಳ್ಳಿಗೂ ಹೈಸ್ಕೂಲು ಎಂದು ಬರೆದರೆ ಅದಕ್ಕೂ ಅದೇ. ‘ಅಯ್ಯೋ ಮಾರಾಯ, ಊಟಾನಾದ್ರೂ ಒಂದೇ ಸಲ ಮಾಡ್ತೀಯೋ, ಅದೂ ಹಂತ ಹಂತವಾಗೋ?’ ಎಂದು ನಾನು ರೇಗುತ್ತಿದ್ದೆ. ಬಲಗಡೆಯ ಪಕ್ಷದವರು ನಮ್ಮನ್ನು ಕಳ್ಳ ಎಡದವರು ಎನ್ನುತ್ತಿದ್ದರು. ಪೂರ್ತಿ ಎಡದವರು ನಮ್ಮನ್ನು ಮಂಡಿ ಮಾಲೀಕರ ಬಾಲ ಎನ್ನುತ್ತಿದ್ದರು. ಸಂಜೆ ಹಾಸ್ಟೆಲಿಗೆ ಬರುವಷ್ಟರಲ್ಲಿ ಗಂಟಲು ಬಿದ್ದುಹೋಗಿರುತ್ತಿತ್ತು.

ಆ ವರ್ಷ ಕಾಲೇಜಿನ ಸೇವಾ ಶಿಬಿರ ಎಲ್ಲಿ ಮಾಡೋಣ ಎಂಬ ಮಾತು ಬಂದಾಗ ನಮ್ಮ ಹಟ್ಟಿಯಲ್ಲಿ ಮಾಡಿ ಎಂದು ಹೇಳಿದವಳು ನಾನೇ. ನಮ್ಮ ಹಟ್ಟಿ ಸಿದ್ದಾಪುರದ ಕಡೆ, ಬಂಡೆ ಗುಡ್ಡಗಳ ಬುಡದಲ್ಲಿದೆ. ನಮ್ಮವರದು ಮೊದಲಿನಿಂದಲೂ ದನ, ಕುರಿ. ಆಮೇಲಾಮೇಲೆ ಸ್ವಲ್ಪ ಬೇಸಾಯ, ಕೂಲಿ. ಶಾಸನದ ಬಂಡೆ ನೋಡಲು ಎಲ್ಲಿಂದಲೋ ಕಾರಿನಲ್ಲಿ ಬಂದವರು ದಾರಿ ತಪ್ಪಿದರೆ ನಮ್ಮ ಹಟ್ಟಿಗೆ ಬರುತ್ತಿದ್ದರು, ಅಷ್ಟೇ ನಮಗೂ ಗಾಡಿಗಳಿಗೂ ಇದ್ದ ಸಂಬಂಧ. ಬಸ್ಸು ಸಿಗಬೇಕಾದರೆ ದೊಡ್ಡ ರಸ್ತೆಯವರೆಗೆ ಜಾಲಿಮುಳ್ಳಿನ ದಾರಿಯಲ್ಲಿ ನಡೆಯಬೇಕಿತ್ತು. ಗಂಡು ಹುಡುಗರು ನಡೆದು ಬಸ್ಸು ಹಿಡಿದು ಮೊಳಕಾಲ್ಮೂರಿನ ಹೈಸ್ಕೂಲಿಗೆ ಹೋಗುತ್ತಿದ್ದರು. ಹೆಣ್ಣುಮಕ್ಕಳು ಏಳನೆಯ ತರಗತಿ ಮುಗಿಸಿ ಕುರಿ ಹಿಂದೆ ಹೋಗುತ್ತಿದ್ದರು. ನಾನೊಬ್ಬಳು ದಾಟಿಕೊಂಡದ್ದು ಅಪ್ಪ ದಿನಾ ನನ್ನ ಜೊತೆ ರಸ್ತೆಯವರೆಗೆ ನಡೆದುಬಂದದ್ದರಿಂದ.

ಶಿಬಿರದಲ್ಲಿ ಬೆಳಿಗ್ಗೆ ಚರಂಡಿ ತೋಡುವುದು, ಸಂಜೆ ನಡುನಾಡಿನ ರಾಜಕೀಯ. ಜನರಿಗೆ ಮತ ಹಾಕುವುದು ಹೇಗೆಂದು ತೋರಿಸಬೇಕು ಎಂದು ಮೇಷ್ಟ್ರು ಹಟ್ಟಿಯಲ್ಲೇ ಚುನಾವಣೆ ಇಟ್ಟರು. ಪಕ್ಷಕ್ಕೊಂದು ಮಡಕೆ, ಮತಕ್ಕೊಂದು ಶೇಂಗಾಕಾಯಿ. ನಾವು ಎಲ್ಲಾ ಪಕ್ಷದವರು ಮನೆಮನೆಗೆ ಹೋಗಿ ಕೈಮುಗಿದೆವು. ಜನರಿಗೋ ಖುಷಿಯೋ ಖುಷಿ. ಮುದುಕಿಯೊಬ್ಬಳು ನಮ್ಮ ನಾಯಕನ ಗಲ್ಲ ಹಿಡಿದು, ‘ಎಂತಾ ಮಂಚಿ ಪಿಲ್ಲೋಡು, ಎಷ್ಟು ಒಳ್ಳೆ ಹುಡುಗ, ಇವನಿಗೇ ಹಾಕ್ತೀನಿ,’ ಎಂದಳು. ನಮ್ಮ ಪಕ್ಷದ ಸಿದ್ಧಾಂತ ಅಲ್ಲಿಗೆ ಮುಗಿಯಿತು. ಎಣಿಸುವ ಹೊತ್ತಿಗೆ ಎಡಪಕ್ಷದ ಹುಡುಗರು ತಮ್ಮ ಮಡಕೆಯ ಮತಗಳನ್ನು ಅರ್ಧ ತಿಂದುಬಿಟ್ಟಿದ್ದರು. ಚುನಾವಣೆಯಲ್ಲಿ ಅಕ್ರಮ ಆಗಿದೆ ಎಂದು ಅವರೇ ಗಲಾಟೆ ಎಬ್ಬಿಸಿದರು. ಅಂತೂ ಸರಿಪಾಲು ಪಕ್ಷ ಗೆದ್ದಿತು.

ಶಿಬಿರದ ಕಡೆಯ ದಿನ ಪ್ರಮಾಣವಚನ. ಶಾಲೆಯ ಮುಂದೆ ಕಾರ್ಯಕ್ರಮ, ಹಾಸಲು ಜಮಖಾನ ಇಲ್ಲ. ಪ್ರಧಾನಿಯಾಗಲಿದ್ದ ನಮ್ಮ ಮಂಡಿ ಹುಡುಗ ಹಟ್ಟಿಯ ಯಜಮಾನರ ಹತ್ತಿರ ಹೋಗಿ, ಒಂದು ಕಂಬಳಿ ಕೊಡಿ ಎಂದ. ಯಜಮಾನರು ಹಟ್ಟಿಯ ನ್ಯಾಯ ಪಂಚಾಯ್ತಿ ನಡೆಸುವ ಹಿರಿಯರು. ಅವರು ಒಂದೇ ಮಾತು ಕೇಳಿದರು: ‘ಅದರ ಮೇಲೆ ಮಾತು ಕೊಡಾದೈತಾ?’ ಇವನು, ‘ಹೂಂ ಯಜಮಾನ್ರೇ, ಎಲ್ಲಾರೂ ಮಾತು ಕೊಡ್ತೀವಿ,’ ಎಂದ. ಹಾಗಾದರೆ ಸರಿ ಎಂದು ಅವರು ಗುಡಿಯಲ್ಲಿದ್ದ ಕರಿಕಂಬಳಿಯನ್ನೇ ತರಿಸಿದರು. ನಾನು ಆಗ ಅಡುಗೆ ಮನೆಯಲ್ಲಿ ಮುದ್ದೆ ತಿರುವುತ್ತಿದ್ದೆ.

ಆ ಕಂಬಳಿಯ ವಿಷಯ ಹೇಳಬೇಕು. ನಮ್ಮಲ್ಲಿ ಜಗಳ, ಪಾಲು, ಮದುವೆಯ ಮಾತು ಏನೇ ಇದ್ದರೂ ಬೇವಿನಮರದ ಕೆಳಗೆ ಆ ಕಂಬಳಿ ಹಾಸಿಯೇ ಆಗಬೇಕು. ಗಂಡಸರು ಚಪ್ಪಲಿ ಬಿಟ್ಟು ಅದರ ಮೇಲೆ ಕೂರುತ್ತಾರೆ. ಹೆಂಗಸರು ಕಂಬಳಿ ತುಳಿಯುವಂತಿಲ್ಲ. ಅವರ ಪರವಾಗಿ ಮನೆಯ ಗಂಡಸು ಅಂಚಿನ ಮೇಲೆ ಕೈ ಇಟ್ಟು ಮಾತು ಕೊಡುತ್ತಾನೆ. ಕೊಟ್ಟ ಮಾತು ನಡೆಸುವವರೆಗೆ ಅವನು ಕಂಬಳಿಯ ಮೇಲೆ ಕೂರುವುದಿಲ್ಲ. ಮಾತು ಬಾಕಿ ಇರುವವನು ಇನ್ನೊಬ್ಬರ ಮಾತನ್ನು ತೂಗಬಾರದು ಎಂಬುದು ಅಲ್ಲಿನ ಕಟ್ಟಳೆ. ನಮ್ಮಪ್ಪ ಅದರ ಮೇಲೆ ಯಜಮಾನರ ಎಡಗಡೆ ಕೂರುತ್ತಿದ್ದ. ಮಾತು ಕಡಿಮೆ. ಎಲ್ಲರೂ ಕೂಗಾಡಿ ಸುಸ್ತಾದ ಮೇಲೆ ಅಪ್ಪ ಒಂದು ಮಾತು ಹೇಳುತ್ತಿದ್ದ, ಅಲ್ಲಿಗೆ ಜಗಳ ಹರಿಯುತ್ತಿತ್ತು.

ಪ್ರಧಾನಿ, ಹಣಕಾಸು ಮಂತ್ರಿ, ಗೃಹ ಮಂತ್ರಿ ಎಲ್ಲ ಕಂಬಳಿ ಹತ್ತಿ ನಿಂತು ಪ್ರಮಾಣ ಮಾಡಿದರು. ಅವರೆಲ್ಲ ಹೊರಗಿನವರು, ಹಟ್ಟಿಯ ಜನ ಚಪ್ಪಾಳೆ ತಟ್ಟಿ ನಕ್ಕರು. ನನ್ನ ಸರದಿ ಬಂದಾಗ ನಾನು ಕಂಬಳಿಯ ಆಚೆಗೇ ನಿಂತೆ. ಕಲಿಸಿಕೊಟ್ಟಂತೆ, ‘ಸರಿಪಾಲು ಸರ್ಕಾರವು ಪ್ರತಿ ಹಳ್ಳಿಗೂ ಹಂತ ಹಂತವಾಗಿ...’ ಎಂದು ಶುರು ಮಾಡಿದೆ. ಯಜಮಾನರು ಕೈ ಎತ್ತಿದರು.

‘ಪ್ರತಿ ಹಳ್ಳಿ ಮಾತು ಆಮ್ಯಾಲೆ. ಈ ಹಟ್ಟಿಗೆ ಬಸ್ಸು ಬರ್ತೈತೋ ಇಲ್ಲೋ?’

‘ಬರ್ತೈತೆ,’ ಎಂದೆ.

‘ಯಾರು ತರೋರು? ನಿಮ್ಮ ಪಕ್ಷನಾ, ನೀನಾ?’

ಮುಂದಿನ ಸಾಲಿನಲ್ಲಿ ಏಳನೆಯ ತರಗತಿಯ ಹುಡುಗಿಯರು ಕೂತಿದ್ದರು. ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದರು. ‘ನಾನೇ ತರ್ತೀನಿ,’ ಎಂದೆ. ‘ಇವಳ ಪರ ಯಾರು?’ ಎಂದರು ಯಜಮಾನರು. ಕುರಿ ರೊಪ್ಪಕ್ಕೆ ಹೊಡೆದು ಆಗಷ್ಟೇ ಬಂದಿದ್ದ ಅಪ್ಪ, ಹೆಗಲ ಮೇಲಿನ ಟವಲ್ಲು ತೆಗೆದು ಕೆಳಗಿಟ್ಟು, ಬಗ್ಗಿ ಕಂಬಳಿಯ ಅಂಚಿನ ಮೇಲೆ ಕೈ ಇಟ್ಟ. ಅವನ ಮುಖದಲ್ಲಿ ನಾನು ಅಂಥ ನಗುವನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮೇಷ್ಟ್ರು ಪಕ್ಕದವರಿಗೆ, ‘ಎಂಥಾ ಚೆನ್ನಾಗಿ ಆಕ್ಟ್ ಮಾಡ್ತಾರೆ ನೋಡ್ರಿ ಹಳ್ಳಿ ಜನ,’ ಎಂದದ್ದು ನನ್ನ ಕಿವಿಗೆ ಬಿತ್ತು.

ಮಾರನೆಯ ದಿನ ಲಾರಿ ಹತ್ತಿ ದೇಶವೆಲ್ಲ ಚಳ್ಳಕೆರೆಗೆ ವಾಪಸಾಯಿತು. ಪರೀಕ್ಷೆ ಬಂತು, ನಡುನಾಡನ್ನು ಎಲ್ಲರೂ ಮರೆತರು. ನಾನೂ ಮರೆತಿದ್ದೆ. ರಜೆಗೆ ಊರಿಗೆ ಹೋದಾಗ ಬೇವಿನಮರದ ಕೆಳಗೆ ಏನೋ ಕುರಿ ಕಳುವಿನ ಪಂಚಾಯ್ತಿ ನಡೆಯುತ್ತಿತ್ತು. ಅಪ್ಪ ಕಂಬಳಿಯ ಮೇಲಿರಲಿಲ್ಲ. ಸ್ವಲ್ಪ ದೂರದಲ್ಲಿ ಒಂದು ಬಂಡೆಯ ಮೇಲೆ, ಬಿಸಿಲಿನಲ್ಲಿ, ಸುಮ್ಮನೆ ಕೂತಿದ್ದ.

ಮನೆಗೆ ಬಂದು ಅವ್ವನನ್ನು ಕೇಳಿದರೆ ಅವ್ವ ಒಲೆಗೆ ಸೌದೆ ತುರುಕುತ್ತಾ, ‘ನಿನ್ನ ಪಕ್ಷಕ್ಕೆ ಬೆಂಕಿ ಹಾಕ,’ ಎಂದಳು. ಎಲ್ಲರೂ ಕರೆದರಂತೆ, ಯಜಮಾನರೇ ಕೈ ಹಿಡಿದು ಎಳೆದರಂತೆ. ‘ಅದು ಹುಡುಗರ ಆಟ ಕಣಯ್ಯಾ, ಬಾ ಕೂತ್ಕೋ,’ ಎಂದರೆ ಅಪ್ಪ, ‘ಆಟ ಅಂತ ನಮಗೆ ಗೊತ್ತು. ಕಂಬಳಿಗೆ ಗೊತ್ತೈತಾ?’ ಎಂದನಂತೆ. ನನಗೆ ತಲೆ ಚಿಟ್ಟು ಹಿಡಿದುಹೋಯಿತು. ‘ಅಪ್ಪಾ, ಆ ದೇಶನೇ ಇಲ್ಲ, ಆ ಸರ್ಕಾರನೇ ಇಲ್ಲ, ನಾವು ಶೇಂಗಾಕಾಯಲ್ಲಿ ಗೆದ್ದಿದ್ದು,’ ಎಂದು ಕೂಗಾಡಿದೆ. ಅಪ್ಪ ನಿಧಾನಕ್ಕೆ ಬೀಡಿ ಹಚ್ಚಿಕೊಂಡು, ‘ಬಸ್ಸು ಇಲ್ಲೇನು?’ ಎಂದ. ಬಸ್ಸೇನೋ ಇತ್ತು. ನಮ್ಮ ದೊಡ್ಡ ರಸ್ತೆಯಲ್ಲಿ ಓಡಾಡುತ್ತಲೇ ಇತ್ತು.

ಸರಿ, ತರೋಣ ಎಂದುಕೊಂಡೆ. ಇಪ್ಪತ್ತರ ವಯಸ್ಸು, ಬಸ್ಸು ತರುವುದೇನು ಮಹಾ ಎನ್ನುವ ಸೊಕ್ಕು. ಚಳ್ಳಕೆರೆಗೆ ಹೋಗಿ ಕ್ಯಾಂಟೀನಿನಲ್ಲಿ ಸರಿಪಾಲು ಪಕ್ಷದ ಸಭೆ ಕರೆದೆ. ಬಂದವರು ನಾಲ್ಕು ಜನ, ಅದರಲ್ಲಿ ಇಬ್ಬರು ಮಂಡಕ್ಕಿ ಮೆಣಸಿನಕಾಯಿಗೆ ಬಂದಿದ್ದರು. ನಡೆದದ್ದು ಹೇಳಿದೆ. ಪ್ರಧಾನಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ‘ನಮ್ಮ ಮಾವಂದು ಬಸ್ಸೈತೆ, ಕೇಳೋಣ ಬಾ,’ ಎಂದು ತಾನೇ ಕರೆದುಕೊಂಡು ಹೋದ. ಅವತ್ತಿಗೆ ಅವನು ಒಳ್ಳೆಯವನೇ. ಮಾವ ನಮಗೆ ಚಹಾ ಕುಡಿಸಿ, ‘ದಾರಿ ಹೆಂಗೈತಮ್ಮಾ?’ ಎಂದು ಕೇಳಿದರು. ನಾನು ದಾರಿ ಇದ್ದ ಹಾಗೆ ಹೇಳಿದೆ. ಟೈರಿನ ಮೇಲೆ ಅವರಿಗೆ ನಮ್ಮ ಹಟ್ಟಿಯ ಹುಡುಗಿಯರಿಗಿಂತ ಪ್ರೀತಿ ಜಾಸ್ತಿ, ತಪ್ಪೇನಿಲ್ಲ, ಬಸ್ಸು ಅವರದು.

ಅಲ್ಲಿಂದ ಶುರುವಾಯಿತು ನನ್ನ ಅಲೆದಾಟ. ಬಸ್ಸಿನವರು ಮೊದಲು ದಾರಿ ಮಾಡಿಸಿಕೊಂಡು ಬಾ ಎಂದರು. ದಾರಿ ಮಾಡುವವರು ಬಸ್ಸು ಓಡುತ್ತದೆ ಎಂದು ಬರೆಸಿಕೊಂಡು ಬಾ ಎಂದರು. ಒಂದು ಕಚೇರಿಯಲ್ಲಿ ಸಾಹೇಬರು ತಲೆ ಎತ್ತದೆ, ‘ಯಾವ ಸಂಘದಿಂದ ಬಂದೀರಿ?’ ಎಂದರು. ನಿಂತು ನಿಂತು ಕಾಲು ಬಾತುಹೋಗಿತ್ತು, ಸಿಟ್ಟೂ ಬಂದಿತ್ತು. ‘ಸಂಘ ಅಲ್ಲ ಸಾರ್, ಪಕ್ಷ. ಸರಿಪಾಲು ಪಕ್ಷ,’ ಎಂದುಬಿಟ್ಟೆ. ಸಾಹೇಬರು ದಡಬಡ ಎದ್ದು ಕುರ್ಚಿ ಎಳೆದು ಕೂರಿಸಿದರು. ‘ಹೊಸಾದಾ ಮೇಡಂ? ಎಷ್ಟು ಸೀಟಿಗೆ ನಿಲ್ಲಿಸ್ತಾ ಇದೀರಿ?’ ಎಂದು ಕೇಳಿದರು. ಆ ಪಕ್ಷದ ಲೆಕ್ಕದಲ್ಲಿ ನನಗೆ ದಕ್ಕಿದ್ದು ಆ ಕುರ್ಚಿ ಒಂದೇ. ಅರ್ಜಿ ತೆಗೆದುಕೊಂಡು, ನೋಡೋಣ, ಹಂತ ಹಂತವಾಗಿ ಆಗುತ್ತೆ ಎಂದು ಕಳಿಸಿದರು.

ಒಂದು ಮಳೆಗಾಲ ಹಟ್ಟಿಯವರೆಲ್ಲ ಸೇರಿ ಜಾಲಿ ಕಡಿದು ಮಣ್ಣು ಹಾಕಿದೆವು. ಮುಂದಿನ ಮಳೆ ಅದನ್ನು ಹಳ್ಳಕ್ಕೆ ತೆಗೆದುಕೊಂಡು ಹೋಯಿತು. ಆಮೇಲೆ ನಾನು ಬಿ.ಎಡ್. ಮಾಡಿದೆ, ಕೊಂಡ್ಲಹಳ್ಳಿಯ ಕಡೆ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ರಜೆ ಸಿಕ್ಕಾಗಲೆಲ್ಲ ಒಂದು ಕಚೇರಿ. ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಯಿತು. ಹಣಕಾಸು ಮಂತ್ರಿ ಸೀರೆ ಅಂಗಡಿಯಲ್ಲಿ ಕೂತ. ಗೃಹ ಮಂತ್ರಿ ಪೊಲೀಸ್ ಪರೀಕ್ಷೆ ಬರೆದು ಫೇಲಾಗಿ ಊರು ಬಿಟ್ಟ. ಪಕ್ಷದಲ್ಲಿ ಉಳಿದವಳು ನಾನೊಬ್ಬಳೇ. ನಾನೇ ಅಧ್ಯಕ್ಷೆ, ನಾನೇ ಕಾರ್ಯಕರ್ತೆ, ನನ್ನ ಬ್ಯಾಗೇ ಕಚೇರಿ.

ಅಪ್ಪ ಮಾತ್ರ ಬಂಡೆ ಬಿಡಲಿಲ್ಲ. ಪಂಚಾಯ್ತಿಗೆ ಬಂದವರು ಮೊದಮೊದಲು ಅವನ ಕಡೆ ತಿರುಗಿ, ‘ನೀನೇನಂತೀಯಣ್ಣಾ?’ ಎಂದು ಕೇಳುತ್ತಿದ್ದರು. ಅವನು, ‘ಕಂಬಳಿ ಮ್ಯಾಲಿರೋರ್ನ ಕೇಳ್ರಿ,’ ಎನ್ನುತ್ತಿದ್ದ. ಬರಬರುತ್ತಾ ಕೇಳುವುದನ್ನು ಬಿಟ್ಟರು. ಅವನಿಗಿಂತ ಚಿಕ್ಕವರು, ಅವನೇ ಎತ್ತಿ ಆಡಿಸಿದವರು ಕಂಬಳಿಯ ಮೇಲೆ ಕೂತು ನ್ಯಾಯ ಹೇಳುವಾಗ ಅಪ್ಪ ಬಂಡೆಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ. ಮನೆಯಲ್ಲೇ ಇರಬಹುದಲ್ಲ, ಬಂದು ಯಾಕೆ ಕೂರಬೇಕು ಎಂದು ಕೇಳಿದರೆ, ಬರದೆ ಇದ್ದರೆ ತಪ್ಪಿಸಿಕೊಂಡ ಅಂತಾರೆ ಎನ್ನುತ್ತಿದ್ದ.

ನನ್ನ ಮದುವೆಯ ಮಾತು ಬಂತು. ನಮ್ಮಲ್ಲಿ ಗಂಡಿನವರು ಬಂದಾಗ ಕಂಬಳಿ ಹಾಸಿ, ಹೆಣ್ಣಿನ ತಂದೆ ಅದರ ಮೇಲೆ ಕೂತು ವೀಳ್ಯ ತೆಗೆದುಕೊಂಡರೆ ಮದುವೆ ಗಟ್ಟಿಯಾಯಿತು ಎಂದು ಲೆಕ್ಕ. ನಾನು ಪಕ್ಕದ ಗುಡಿಯ ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದೆ. ವೀಳ್ಯ ಚಾಚಿದಾಗ ದೊಡ್ಡಪ್ಪ ಕೈ ಒಡ್ಡಿದರು. ಗಂಡಿನ ಕಡೆಯ ಮುದುಕರೊಬ್ಬರು, ‘ಹೆಣ್ಣಿನ ತಂದೆ ತೀರ್ಕೊಂಡವ್ರಾ?’ ಎಂದು ಪಕ್ಕದವರನ್ನು ಕೇಳಿದರು. ಪಕ್ಕದವರು ಬಂಡೆಯ ಕಡೆ ಬೆರಳು ತೋರಿಸಿದರು. ಅಪ್ಪ ಅಲ್ಲಿಂದಲೇ ಕೈಮುಗಿದ. ಅವತ್ತು ನಾನು ಮದುಮಗಳಾಗುವವಳು, ನಗಬೇಕಾದವಳು, ಹಿತ್ತಿಲಿಗೆ ಹೋಗಿ ಮುಖಕ್ಕೆ ನೀರು ಎರಚಿಕೊಂಡು ಅತ್ತೆ.

ಇದಾಗಿ ಮೂರ್ನಾಲ್ಕು ವರ್ಷಕ್ಕೆ ತಂಗಿಗೆ ಗಂಡು ಗೊತ್ತಾಯಿತು. ಆಗಿನ್ನೂ ಹೊಸ ಶತಮಾನ ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. ಅವ್ವ ಕೊಂಡ್ಲಹಳ್ಳಿಗೆ ಬಂದು ನಮ್ಮ ಮನೆಯ ಜಗಲಿಯ ಮೇಲೆ ಕೂತು, ಚೀಲ ಬಿಚ್ಚುವ ಮೊದಲೇ ಹೇಳಿದಳು: ‘ಇವಳ ವೀಳ್ಯನಾದ್ರೂ ಅವನ ಕೈಗೆ ಬರ್ಲಿ ಕಣೇ. ಇನ್ನೊಂದು ಹೆಣ್ಣಿಲ್ಲ ನಮಗೆ. ಏನಾರಾ ಮಾಡು.’ ಅವ್ವ ನನ್ನನ್ನು ಬೈಯದೆ ಮಾತಾಡಿದ್ದು ಅದೇ ಮೊದಲು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕೊನೆಯ ಪ್ರಯತ್ನ ಎಂದು ಚಳ್ಳಕೆರೆಗೆ ಹೋಗಿ ನಮ್ಮ ಪ್ರಧಾನಿಯನ್ನು ಹುಡುಕಿದೆ. ಅವನೀಗ ನಿಜವಾದ ಒಂದು ಪಕ್ಷದಲ್ಲಿ ಯುವ ಮುಖಂಡ. ಯಾವುದೆಂದು ಹೇಳುವುದಿಲ್ಲ, ಆಮೇಲೆ ಅವನು ಬೇರೆ ಎರಡು ಪಕ್ಷಗಳಿಗೂ ಹೋಗಿ ಬಂದ. ಮಂಡಿಯ ಮುಂದೆ ಬಿಳಿ ಅಂಗಿ ಹಾಕಿಕೊಂಡು ಹತ್ತಾರು ಜನರ ಮಧ್ಯೆ ಕೂತಿದ್ದ. ಸುತ್ತ ಶೇಂಗಾ ಸಿಪ್ಪೆಯ ಧೂಳು, ಹಮಾಲರ ಕೂಗು. ‘ಓಹೋ, ಬರ್ರಿ ಮೇಡಂ, ಬರ್ರಿ,’ ಎಂದು ಎದ್ದು ಬಂದ. ಬಹುವಚನ ಕೇಳಿಯೇ ನನಗೆ ಗೊತ್ತಾಗಬೇಕಿತ್ತು.

‘ನೋಡು, ಇನ್ನೇನೂ ಬ್ಯಾಡ. ಈಗಂತೂ ನಿಜವಾದ ಪಕ್ಷದಾಗಿದೀಯ. ಒಂದು ಬಸ್ಸು ತರ್ಸು. ನಮ್ಮ ಸರಿಪಾಲು ಪಕ್ಷದ್ದು ಒಂದು ಮಾತು ಉಳ್ಕೊಂಡೈತೆ,’ ಎಂದೆ.

ಅವನು ಹಿಂದಿದ್ದವರನ್ನೊಮ್ಮೆ ನೋಡಿ, ದನಿ ತಗ್ಗಿಸಿ, ‘ಯಾವ ಪಕ್ಷ?’ ಎಂದ.

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಇಲ್ಲ, ಅವನಿಗೆ ನಿಜವಾಗಿ ನೆನಪಿರಲಿಲ್ಲ. ನಾನು ಮೊರದ ಗುರುತು, ಶೇಂಗಾಕಾಯಿಯ ಮತ ಎಲ್ಲ ಹೇಳಿದ ಮೇಲೆ, ‘ಓ, ಆ ಕಾಲೇಜಿಂದಾ!’ ಎಂದು ನಕ್ಕ. ‘ಅದನ್ನ ಇನ್ನೂ ಹಿಡ್ಕೊಂಡು ಕೂತಿದೀರಾ?’ ಥೂ, ಎಂದು ಉಗಿಯಬೇಕು ಅನ್ನಿಸಿತು. ಆದರೆ ಅವನ ಮುಖದಲ್ಲಿ ಕೆಟ್ಟತನ ಇರಲಿಲ್ಲ, ಬರೀ ಆಶ್ಚರ್ಯ ಇತ್ತು. ಅರ್ಜಿ ಕೊಟ್ಟು ಹೋಗಿ, ಮಾತಾಡುತ್ತೇನೆ ಎಂದ. ಬ್ಯಾಗಿನಲ್ಲಿ ಅರ್ಜಿ ಇತ್ತು. ತೆಗೆಯಲು ಮನಸ್ಸಾಗಲಿಲ್ಲ. ಬಸ್ ಸ್ಟ್ಯಾಂಡಿನ ತನಕ ಆಟೋ ಕೂಡ ಹಿಡಿಯದೆ ನಡೆದೆ. ಸಾಕಾಗಿತ್ತು. ಮೈಯೆಲ್ಲ ಸಾಕಾಗಿತ್ತು.

ದೊಡ್ಡ ರಸ್ತೆಯಲ್ಲಿ ಬಸ್ಸಿಳಿದು ಹಟ್ಟಿಯ ಕಡೆ ನಡೆಯುವಾಗ ಒಂದು ವಿಚಾರ ಬಂತು. ಮಂತ್ರಿಯಾದವರು ರಾಜೀನಾಮೆ ಕೊಡುತ್ತಾರಲ್ಲ. ಇಷ್ಟು ವರ್ಷ ನನಗೆ ಅದು ಯಾಕೆ ಹೊಳೆಯಲಿಲ್ಲವೋ. ಆಗಲಿಲ್ಲ ಎಂದು ಕಂಬಳಿಯ ಮುಂದೆ ಒಪ್ಪಿಕೊಂಡು ತಪ್ಪುಕಾಣಿಕೆ ಇಟ್ಟರೆ ಮಾತಿನ ಬಾಕಿ ಹರಿಯುತ್ತದೆ, ಅಂಥದ್ದು ನಡೆದಿದ್ದನ್ನು ಚಿಕ್ಕಂದಿನಲ್ಲಿ ಕೇಳಿದ್ದೆ. ಅಪ್ಪನಿಗೂ ಗೊತ್ತಿರಲೇಬೇಕು. ಅವನು ಒಂದು ದಿನವೂ ಹೇಳಿರಲಿಲ್ಲ. ನನ್ನ ಬಾಯಲ್ಲಿ ಸೋತೆ ಎನ್ನಿಸಬಾರದು ಎಂದು ಸುಮ್ಮನಿದ್ದಾನೆ, ಪಾಪ, ಎಂದುಕೊಂಡೆ. ಹಾಗೆ ಅಂದುಕೊಂಡ ಮೇಲೆ ಕಾಲಿಗೆ ಎಲ್ಲಿಲ್ಲದ ಬಿರುಸು ಬಂತು.

ತಂಗಿಯ ವೀಳ್ಯದ ದಿನ, ಗಂಡಿನವರು ಬರುವ ಮುಂಚೆ ಪಂಚಾಯ್ತಿ ಸೇರಿದ್ದಾಗ ಹೋಗಿ ಬೇವಿನಮರದ ಪಕ್ಕ ನಿಂತೆ. ಅಪ್ಪ ಬಂಡೆಯ ಮೇಲೆ ಇದ್ದ, ತಲೆಯ ಮೇಲೆ ಟವಲ್ಲು.

‘ಯಜಮಾನ್ರೇ, ಒಂದು ಮಾತೈತೆ,’ ಎಂದೆ. ‘ನಮ್ಮ ಪಕ್ಷ ಮುಳುಗಿಹೋತು. ಯಾರೂ ಉಳಿದಿಲ್ಲ. ಬಸ್ಸು ತರಾಕೆ ನನ್ನ ಕೈಲಿ ಆಗ್ಲಿಲ್ಲ, ಇನ್ನು ಆಗಾದೂ ಇಲ್ಲ. ಮಂತ್ರಿಗಿರಿ ಬಿಟ್ಟಿದೀನಿ. ನಮ್ಮಪ್ಪನ್ನ ಮಾತಿನಿಂದ ಬಿಡಿಸ್ರಿ.’

‘ಸರ್ಕಾರ ಬಿತ್ತು ಕಣ್ರಲೇ!’ ಎಂದು ಯಾರೋ ಹಿಂದಿನಿಂದ ಕೂಗಿದರು. ಕೆಲವರು ನಕ್ಕರು. ಯಜಮಾನರು ನಗಲಿಲ್ಲ. ಹಣ್ಣಾಗಿಹೋಗಿದ್ದರು, ಕಣ್ಣು ಮಂಜು. ‘ಸೋತೆ ಅಂತ ಒಪ್ಕಂತೀಯಾ?’ ಎಂದರು. ಒಪ್ಪಿಕೊಂಡೆ. ಅವರು ಅಪ್ಪನ ಕಡೆ ತಿರುಗಿ, ‘ನೀನು?’ ಎಂದರು. ಅಪ್ಪ ತಲೆಯ ಮೇಲಿನ ಟವಲ್ಲು ತೆಗೆದ. ನನ್ನ ಮುಖ ನೋಡಿದ. ಆಮೇಲೆ, ‘ಅವಳು ಒಪ್ಪಿದ ಮ್ಯಾಲೆ ಆಯ್ತು,’ ಎಂದ.

ತೆಂಗಿನಕಾಯಿ, ಎಲೆ ಅಡಿಕೆ, ಬೆಲ್ಲ ಕಾಣಿಕೆ ಇಟ್ಟೆವು. ಬೆಲ್ಲ ಹಂಚಿದರು. ಅಪ್ಪ ಎದ್ದು ಬಂದು ಚಪ್ಪಲಿ ಬಿಟ್ಟು ಕಂಬಳಿಯ ಮೇಲೆ ಕೂತ. ಜನ ಸರಿದು ಯಜಮಾನರ ಎಡಗಡೆ ಜಾಗ ಬಿಟ್ಟರು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ತಂಗಿಯ ವೀಳ್ಯ ಬಂದಾಗ ಅಪ್ಪ ತನ್ನ ಎರಡೂ ಕೈ ಒಡ್ಡಿ ತೆಗೆದುಕೊಂಡ. ನಾನು ಕೂಡ ಗುಡಿಯ ಕಂಬಕ್ಕೆ ಒರಗಿ, ಬದುಕಿದೆ ಎಂದು ಉಸಿರುಬಿಟ್ಟೆ. ಆ ಹೊತ್ತಿಗೆ ನನಗಿಂತ ಹಗುರಾದವರು ಆ ಹಟ್ಟಿಯಲ್ಲಿ ಯಾರೂ ಇರಲಿಲ್ಲ.

ಸಂಜೆ ಕೊಂಡ್ಲಹಳ್ಳಿಗೆ ಹೊರಟೆ. ಹೈಸ್ಕೂಲಿನ ದಿನಗಳಂತೆಯೇ ಅಪ್ಪ ರಸ್ತೆಯವರೆಗೆ ಬಿಡಲು ಬಂದ. ನಾನು ದಾರಿಯುದ್ದಕ್ಕೂ ಮದುವೆಯ ಮಾತು, ಗಂಡಿನವರ ಮಾತು, ಬಾಯಿ ನಿಲ್ಲಿಸಲಿಲ್ಲ. ಅವನು ಹೂಂಗುಟ್ಟುತ್ತಾ ನಡೆದ. ದೂರದಲ್ಲಿ ಬಸ್ಸಿನ ಸದ್ದು ಕೇಳಿಸುವ ಹೊತ್ತಿಗೆ ಕೇಳಿದ:

‘ಬ್ಯಾಸ್ರ ಆಗಿತ್ತಾ ತಾಯಿ?’

‘ನನಗೇನಪ್ಪಾ, ನಿನಗೋಸ್ಕರ ಮಾಡಿದ್ದು. ನೀನು ಆ ಬಂಡೆ ಮ್ಯಾಲೆ ಕೂತಿರಾದು ನೋಡಾಕೆ ಆಗ್ತಿರ್ಲಿಲ್ಲ.’

‘ನಂಗೇನು ಕಷ್ಟ ಇತ್ತು ಅಲ್ಲಿ?’ ಎಂದ ಅಪ್ಪ. ‘ಕಂಡೋರೆಲ್ಲ ಯಾಕಣ್ಣಾ ಹೊರಗೆ ಕೂತಿದೀಯಾ ಅಂತ ಕೇಳೋರು. ನನ್ನ ಮಗಳು ಬಸ್ಸು ತರ್ತಾಳೆ, ಅದಕ್ಕೆ ಕೂತಿದೀನಿ ಅಂತ ಹೇಳ್ತಿದ್ದೆ. ಈಗ ಏನಂತ ಹೇಳ್ಲಿ?’